ಕಂಬಕ್ಕೇರಿದ ವಿಮಾನ

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಕೊನೆಯ ಬಾರಿಗೆ ಹಾರಿ ಇಳಿದುದನ್ನು ನಾವೆಲ್ಲರೂ ಟಿವಿಯಲ್ಲಿ ನೋಡಿದ್ದೇವೆ, ನೀರು ಚಿಮ್ಮಿಸಿ ಸಲ್ಲಿಸಿದ ಗೌರವಕ್ಕೆ ಕಣ್ಣೊರೆಸಿಕೊಂಡಿದ್ದೇವೆ. ಆದ್ದರಿಂದ ಆ ಕಥೆಯನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನನ್ನ ಚಿಂತೆ ಏನಿದ್ದರೂ ಅದರ ಮುಂದಿನ ಬಾಳಿನದು. ನಮ್ಮಲ್ಲಿ ಮನುಷ್ಯ ನಿವೃತ್ತನಾದರೆ ಶಾಲು ಹೊದಿಸಿ, ಕೈಗೊಂದು ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಕಳುಹಿಸುತ್ತಾರೆ. ಯುದ್ಧವಿಮಾನ ನಿವೃತ್ತವಾದರೆ ಕಂಬಕ್ಕೇರಿಸುತ್ತಾರೆ. 62 ವರ್ಷ ದುಡಿದ ಮಿಗ್ ಈಗ ಯಾವ ಯಾವ ಊರಿನ ಯಾವ ಯಾವ ಕಂಬಗಳನ್ನು ಏರಲಿದೆಯೋ ಎಂದು ಯೋಚಿಸಿದಾಗ, ಹಣ್ಣಿನ ಬುಟ್ಟಿ ಪಡೆದವನೇ ಪುಣ್ಯವಂತ ಎನಿಸುತ್ತದೆ.

ವಿಮಾನ ಬೇಕೆನ್ನುವವರಿಗಂತೂ ಬರವಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಆಡಳಿತ ಮಂಡಳಿಗೆ ಅದು ಕಾರಂಜಿಗೂ ಸರಸ್ವತಿಯ ಮೂರ್ತಿಗೂ ನಡುವೆ ಖಾಲಿ ಬಿದ್ದಿರುವ ಜಾಗಕ್ಕೆ ಬೇಕು, ಏಕೆಂದರೆ ಪ್ರವೇಶಾತಿಯ ಕರಪತ್ರದಲ್ಲಿ ವಿಮಾನದ ಚಿತ್ರವಿದ್ದರೆ ಪಾಲಕರು ಶುಲ್ಕದ ಅಂಕಣವನ್ನು ಅಷ್ಟಾಗಿ ದಿಟ್ಟಿಸುವುದಿಲ್ಲ. ನಗರಸಭೆಗೆ ಅದು ವೃತ್ತಕ್ಕೆ ಬೇಕು, ಏಕೆಂದರೆ ವೃತ್ತಕ್ಕೆ ಯಾರ ಹೆಸರಿಡಬೇಕೆಂಬ ಜಗಳ ತೀರದಿರುವಾಗ ಜಾತಿಯಿಲ್ಲದ ವಿಮಾನವೊಂದನ್ನು ನಿಲ್ಲಿಸಿಬಿಟ್ಟರೆ ಎಲ್ಲರೂ ಸುಮ್ಮನಾಗುತ್ತಾರೆ. ಈ ಎರಡನೆಯ ಕಾರಣವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಶತ್ರುಗಳ ನಡುವೆ ಶಾಂತಿ ಸ್ಥಾಪಿಸುವ ಕೆಲಸವನ್ನು ಯುದ್ಧವಿಮಾನ ಬದುಕಿದ್ದಾಗ ಮಾಡಿತೋ ಇಲ್ಲವೋ, ಸತ್ತ ಮೇಲೆ ಮಾಡುತ್ತಿದೆ.

ಇತ್ತೀಚೆಗೆ ಒಂದು ಪಟ್ಟಣದಲ್ಲಿ ಅಂಥ ವಿಮಾನದ ದರ್ಶನಭಾಗ್ಯ ನನಗೆ ದೊರೆಯಿತು. ಅದು ನ್ಯಾಟ್. ಕೆಳಗಿನ ಫಲಕದಲ್ಲಿ ‘ಮಿಗ್ ವಿಮಾನ’ ಎಂದು ಬರೆದಿತ್ತು. ಮಿಗ್-21ಕ್ಕೆ ಮೂಗಿನಲ್ಲೇ ಬಾಯಿರುತ್ತದೆ, ನ್ಯಾಟಿಗೆ ಗಾಳಿ ಸೇದುವ ಬಾಯಿಗಳು ಎರಡು ಪಕ್ಕೆಗಳಲ್ಲಿರುತ್ತವೆ, ಅದರ ಉದ್ದವೂ ಮಿಗ್ಗಿಗಿಂತ ಬಹಳ ಕಡಿಮೆ ಎಂಬುದೆಲ್ಲ ಫಲಕ ಬರೆಸಿದವರಿಗೆ ಅಡ್ಡಿಯಾಗಿರಲಿಲ್ಲ. ನ್ಯಾಟ್ ಎಂದರೆ ನಮ್ಮ ಭಾಷೆಯಲ್ಲಿ ನುಸಿ. 1965ರಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಕಾಡಿದ್ದು ಈ ನುಸಿ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಿರ್ಮಲ್ ಜಿತ್ ಸಿಂಗ್ ಸೆಖೋಂ ಹಲವು ಸೇಬರ್‌ಗಳ ಎದುರು ಒಬ್ಬರೇ ಹೋರಾಡಿ ಮಡಿದದ್ದು, ವಾಯುಪಡೆಗೆ ಇದುವರೆಗೆ ಸಂದಿರುವ ಏಕೈಕ ಪರಮವೀರ ಚಕ್ರವನ್ನು ಪಡೆದದ್ದು ಇದೇ ನುಸಿಯಲ್ಲಿ ಕುಳಿತು. ಈಗ ಆ ನುಸಿಯ ರೆಕ್ಕೆಯಿಂದ ಎದುರಿನ ದೀಪದ ಕಂಬಕ್ಕೆ ಕೇಬಲ್ಲಿನ ತಂತಿ ಎಳೆದಿದ್ದಾರೆ. ಬಾಲಕ್ಕೆ ಒಬ್ಬ ಯುವನಾಯಕರ ಹುಟ್ಟುಹಬ್ಬದ ಫ್ಲೆಕ್ಸನ್ನು ಕಟ್ಟಿದ್ದಾರೆ. ಪಕ್ಕೆಯ ಬಾಯಿಯಲ್ಲಿ ಪಾರಿವಾಳದ ಸಂಸಾರವೊಂದು ಬಾಡಿಗೆಯಿಲ್ಲದೆ ವಾಸವಾಗಿದೆ.

ಫಲಕದ ಪಕ್ಕದಲ್ಲಿದ್ದ ಗ್ರಾನೈಟ್ ಕಲ್ಲಿನಲ್ಲಿ ಮಾತ್ರ ಎಲ್ಲವೂ ಅಚ್ಚುಕಟ್ಟಾಗಿತ್ತು. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು ಎಂದು ಮೇಲಿನಿಂದ ಕೆಳಗಿಳಿಯುತ್ತಾ ಬಂದು, ಕಲ್ಲು ಮುಗಿಯುವಲ್ಲಿ ಗುತ್ತಿಗೆದಾರರ ಹೆಸರಿತ್ತು. ಉಪಸ್ಥಿತಿಯಲ್ಲಿ ಘನಕ್ಕೂ ಗೌರವಕ್ಕೂ ಇರುವ ಅಂತರವನ್ನು ಬಲ್ಲ ಈ ಆಡಳಿತಕ್ಕೆ ನ್ಯಾಟಿಗೂ ಮಿಗ್ಗಿಗೂ ಇರುವ ಅಂತರ ತಿಳಿಯಲಿಲ್ಲವಲ್ಲ ಎಂದು ನಾನು ಕೊರಗುವುದಿಲ್ಲ. ತಪ್ಪಾದರೆ ದೂರು ಕೊಡುವವರು ಯಾರೆಂಬುದನ್ನು ಬಲ್ಲದ್ದೇ ಆಡಳಿತ ಜಾಣ್ಮೆ.

ಇನ್ನು ಬಣ್ಣದ ವಿಚಾರ. ನಮ್ಮ ಕಚೇರಿಗಳ ನಿಘಂಟಿನಲ್ಲಿ ‘ಸಂರಕ್ಷಣೆ’ ಎಂಬ ಪದಕ್ಕೆ ಇರುವುದು ಒಂದೇ ಅರ್ಥ, ಬಣ್ಣ ಬಳಿಯುವುದು. ಹಳೆಯ ದೇವಾಲಯದ ಶಿಲಾಬಾಲಿಕೆಗೆ ಆಯಿಲ್ ಪೇಂಟ್ ಬಳಿದ ಕೈಗಳೇ ವಿಮಾನಕ್ಕೂ ಬೆಳ್ಳಿಯ ಬಣ್ಣ ಬಳಿಯುತ್ತವೆ. ಗೇಟಿಗೆ, ಉದ್ಯಾನದ ಬೇಲಿಗೆ, ಸ್ಮಶಾನದ ಕಮಾನಿಗೆ ಬಳಿಯುವ ಅದೇ ಬೆಳ್ಳಿ. ಹಳೆಯ ಯುದ್ಧವಿಮಾನದ ಮೈಮೇಲಿನ ಬಣ್ಣವೆಂದರೆ ಅದರ ಜಾತಕ; ಮರೆಮಾಚುವ ಹಸಿರು ಕಂದು ಪಟ್ಟೆಗಳು, ಸ್ಕ್ವಾಡ್ರನ್ನಿನ ಲಾಂಛನ, ಕ್ರಮಸಂಖ್ಯೆ, ‘ಇಲ್ಲಿ ಕಾಲಿಡಬೇಡಿ’ ಎಂಬ ಪುಟ್ಟ ಅಕ್ಷರಗಳು, ಗುಂಡು ತಾಗಿದ ಕಡೆ ಹಚ್ಚಿದ ತೇಪೆ, ಇವೆಲ್ಲವನ್ನೂ ಒಂದರ ಕೆಳಗೊಂದರಂತೆ ಆ ಪದರಗಳು ಕಾಪಾಡಿಕೊಂಡಿರುತ್ತವೆ. ವಸ್ತುಸಂಗ್ರಹಾಲಯಗಳಲ್ಲಿ ಬಲ್ಲವರು ಆ ಪದರಗಳನ್ನು ತಾಳೆಗರಿ ಬಿಡಿಸುವಷ್ಟು ನಾಜೂಕಾಗಿ ಬಿಡಿಸಿ ಓದುತ್ತಾರೆ. ನಾವು ಮರಳು ಕಾಗದ ಹಾಕಿ ಉಜ್ಜುತ್ತೇವೆ. ಉಜ್ಜುವುದಕ್ಕೂ ಬಿಲ್ಲಿನಲ್ಲಿ ಪ್ರತ್ಯೇಕ ಬಾಬತ್ತು ಇರುತ್ತದೆ.

ವಿಮಾನವನ್ನು ನಿಲ್ಲಿಸುವ ಭಂಗಿಯೂ ಗಮನಿಸತಕ್ಕದ್ದು. ಮೂತಿಯನ್ನು ಆಕಾಶಕ್ಕೆತ್ತಿ, ಈಗಲೋ ಆಗಲೋ ಹಾರಿಯೇ ಬಿಡುತ್ತದೆ ಎಂಬಂತೆ ನಿಲ್ಲಿಸದಿದ್ದರೆ ದೇಶಭಕ್ತಿ ಪೂರ್ಣವಾಗುವುದಿಲ್ಲ. ಆದರೆ ವಿಮಾನದ ಹೊಟ್ಟೆಯಲ್ಲಿ ನೀರು ಬಸಿದುಹೋಗಲು ಮಾಡಿರುವ ಸಣ್ಣ ರಂಧ್ರಗಳು, ಅದು ನೆಲದ ಮೇಲೆ ಮೂರು ಗಾಲಿಗಳಲ್ಲಿ ನಿಂತಾಗ ಕೆಲಸ ಮಾಡಲೆಂದು ಇಟ್ಟಂಥವು. ಮೂತಿಯೆತ್ತಿ ನಿಲ್ಲಿಸಿದರೆ ಮಳೆಯ ನೀರೆಲ್ಲ ಬಾಲದ ಕಡೆಗೆ ಹರಿದು ಅಲ್ಲೇ ನಿಲ್ಲುತ್ತದೆ. ಹರಿದುಹೋಗಬಹುದಾಗಿದ್ದ ಅಷ್ಟಿಷ್ಟು ನೀರಿಗೂ ಬೆಳ್ಳಿಯ ಬಣ್ಣ ದಾರಿ ಮುಚ್ಚಿರುತ್ತದೆ. ಅಲ್ಯೂಮಿನಿಯಮ್ಮಿನ ಹೊದಿಕೆಯೂ ಉಕ್ಕಿನ ಬೋಲ್ಟೂ ನಿಂತ ನೀರಿನಲ್ಲಿ ಕೂಡಿದರೆ ಅದು ಬ್ಯಾಟರಿಯಂತೆ ಕೆಲಸ ಮಾಡತೊಡಗಿ, ಅಲ್ಯೂಮಿನಿಯಮ್ ಬಿಳಿಯ ಪುಡಿಯಾಗಿ ಉದುರುತ್ತದೆ. ಪಾರಿವಾಳದ ಹಿಕ್ಕೆ ಅದಕ್ಕೆ ಒಗ್ಗರಣೆ. ಹೊರಗಿನಿಂದ ನೋಡುವವರಿಗೆ ಫಳಫಳ ಹೊಳೆಯುವ ವಿಮಾನ, ಒಳಗಿನಿಂದ ಗೆದ್ದಲು ತಿಂದ ತೊಲೆ. ಒಂದು ಚಾವಣಿ ಹಾಕಿದ್ದರೆ ಸಾಕಿತ್ತು. ಆದರೆ ಚಾವಣಿಯ ಕೆಳಗೆ ಹಾರುವ ಭಂಗಿ ಎಲ್ಲಿಂದ ಬರಬೇಕು!

ಇಂಥ ದೇಶದಲ್ಲೇ ಲಿಬರೇಟರ್‌ಗಳ ಕಥೆಯೂ ನಡೆದಿದೆ ಎಂದರೆ ನಂಬುವುದು ಕಷ್ಟ. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದಿಂದ ಎರವಲು ಬಂದಿದ್ದ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಬ್ರಿಟಿಷರು ಕಾನ್ಪುರದ ಬಯಲಿನಲ್ಲಿ ಗುಡ್ಡೆ ಹಾಕಿ, ಮತ್ತೆ ಯಾರೂ ಹಾರಿಸಬಾರದೆಂದು ಅವುಗಳನ್ನು ಕೈಯಾರೆ ಕೆಡಿಸಿದರು; ಉಪಕರಣಗಳನ್ನು ಒಡೆದರು, ಎಂಜಿನ್ನುಗಳಿಗೆ ಮರಳು ಸುರಿದರು. 1948ರಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಆ ಗುಜರಿಯನ್ನು ತಡಕಿ, ಒಂದರ ಬಿಡಿಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟರ ಮಟ್ಟಿಗೆ ಸರಿಪಡಿಸಿದರು. ಜಮ್‌ಶೆಡ್ ಮುನ್ಷಿ ಎಂಬ ಪರೀಕ್ಷಾ ಪೈಲಟ್ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹೀಗೆ 40ಕ್ಕೂ ಹೆಚ್ಚು ವಿಮಾನಗಳು ಮರುಹುಟ್ಟು ಪಡೆದು, 1968ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಆ ಹೊತ್ತಿಗೆ ಜಗತ್ತಿನಲ್ಲಿ ಬೇರೆಲ್ಲೂ ಸೇನೆಯ ಕೆಲಸದಲ್ಲಿ ಲಿಬರೇಟರ್ ಉಳಿದಿರಲಿಲ್ಲ. ಮುಂದೆ ಬ್ರಿಟನ್, ಕೆನಡಾ, ಅಮೆರಿಕದ ವಸ್ತುಸಂಗ್ರಹಾಲಯಗಳವರು ಲಿಬರೇಟರ್ ಬೇಕೆಂದು ಹುಡುಕಿಕೊಂಡು ಬಂದದ್ದು ನಮ್ಮ ಬಾಗಿಲಿಗೇ. ಮರಳು ಸುರಿದವರು ಈಗ ಅದನ್ನು ಧೂಳು ಒರೆಸಿ ನಿಲ್ಲಿಸಿಕೊಂಡಿದ್ದಾರೆ. ಮರಳು ತೆಗೆದ ಬೆಂಗಳೂರಿನ ಕೆಲಸಗಾರರಲ್ಲಿ ಒಬ್ಬರ ಹೆಸರಾದರೂ ನಮ್ಮ ಶಾಲೆಯ ಪುಸ್ತಕದಲ್ಲಿ ಕಂಡ ನೆನಪು ನನಗಿಲ್ಲ. ಅವರ ಹೆಸರಿನ ವೃತ್ತವನ್ನಂತೂ ಕಾಣೆ.

ಮಾತು ನ್ಯಾಟಿನಿಂದ ಆರಂಭವಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 1965ರ ಸೆಪ್ಟೆಂಬರ್ 3ರಂದು ನಮ್ಮದೊಂದು ನ್ಯಾಟ್ ಗಡಿಯಾಚೆಯ ಪಸ್ರೂರಿನಲ್ಲಿ ಇಳಿದು ಪಾಕಿಸ್ತಾನದ ವಶವಾಯಿತು. ಅದು ಇಂದಿಗೂ ಕರಾಚಿಯಲ್ಲಿ ಅವರ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿದೆ. ಅವರು ಅದನ್ನು ಸೆರೆ ಸಿಕ್ಕ ಶತ್ರುವಿನ ವಿಮಾನವೆಂದು ಹೆಮ್ಮೆಯಿಂದ ತೋರಿಸಿಕೊಳ್ಳುತ್ತಾರೆ, ಅದು ನಮಗೆ ಉರಿಯುವ ವಿಷಯವೇ. ಆದರೆ ಕನಿಷ್ಠಪಕ್ಷ ಅದು ನ್ಯಾಟ್ ಎಂಬುದು ಅವರಿಗೆ ಗೊತ್ತು.

ಮಾರಾಟದ ಕಲೆಯಲ್ಲಿ ನಾವು ಹಿಂದುಳಿದವರೆಂದು ಯಾರೂ ಹೇಳುವಂತಿಲ್ಲ. 2021ರಲ್ಲಿ ಉತ್ತರ ಪ್ರದೇಶದ ವಿಶ್ವವಿದ್ಯಾಲಯವೊಂದರ ಆವರಣದಲ್ಲಿದ್ದ ಮಿಗ್-23 ವಿಮಾನವನ್ನು ಯಾರೋ ಕಿಡಿಗೇಡಿಗಳು ಒಎಲ್‌ಎಕ್ಸ್‌ನಲ್ಲಿ ಮಾರಾಟಕ್ಕಿಟ್ಟಿದ್ದು ನಿಮಗೆ ನೆನಪಿರಬಹುದು. ಬೆಲೆ 9.99 ಕೋಟಿ ರೂಪಾಯಿ. ಚಪ್ಪಲಿ ಅಂಗಡಿಯವರು ಸಾವಿರಕ್ಕೆ ಒಂದು ರೂಪಾಯಿ ಕಡಿಮೆ ಮಾಡಿ ಗಿರಾಕಿಯನ್ನು ಸಂತೈಸುವಂತೆ, ಹತ್ತು ಕೋಟಿಗೆ ಒಂದು ಲಕ್ಷ ಕಡಿಮೆ ಮಾಡಿದ್ದರು. ತಮಗೂ ಅದಕ್ಕೂ ಸಂಬಂಧವಿಲ್ಲವೆಂದು ವಿಶ್ವವಿದ್ಯಾಲಯದವರು ಹೇಳಿದರು, ನಾವೆಲ್ಲರೂ ನಕ್ಕೆವು. ಆದರೆ 2014ರಲ್ಲಿ ವಿಕ್ರಾಂತ್ ಹಡಗನ್ನು ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ ಮಾರಿದಾಗ ಅದು ಕಿಡಿಗೇಡಿಗಳ ಕೆಲಸವಾಗಿರಲಿಲ್ಲ, ಕ್ರಮಬದ್ಧವಾದ ಹರಾಜಾಗಿತ್ತು. 1971ರಲ್ಲಿ ಸೀ ಹಾಕ್ ಮತ್ತು ಅಲಿಝೆ ವಿಮಾನಗಳು ಚಟ್ಟಗಾಂವ್, ಕಾಕ್ಸ್ ಬಜಾರುಗಳ ಮೇಲೆ ದಾಳಿ ಮಾಡಲು ಹೊರಟದ್ದು ಅದರ ಬೆನ್ನ ಮೇಲಿಂದ. 1997ರಲ್ಲಿ ನಿವೃತ್ತವಾಗಿ, ಮುಂಬೈಯಲ್ಲಿ ಕೆಲಕಾಲ ವಸ್ತುಸಂಗ್ರಹಾಲಯವಾಗಿದ್ದ ಆ ಹಡಗನ್ನು ಸುರಕ್ಷಿತವಲ್ಲವೆಂದು 2012ರಲ್ಲಿ ಮುಚ್ಚಿದರು, ಆಮೇಲೆ ಒಡೆದರು. ಅದರ ಉಕ್ಕು ಸೇರಿದ ಬೈಕೊಂದು 2016ರಲ್ಲಿ ಮಾರುಕಟ್ಟೆಗೆ ಬಂದಾಗ, ದೇಶದ ಮೊದಲ ವಿಮಾನವಾಹಕ ನೌಕೆಯ ಕುರಿತು ಜನ ಕೇಳಿದ ಪ್ರಶ್ನೆ ‘ಮೈಲೇಜ್ ಎಷ್ಟು?’ ಎಂಬುದು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಚಿತ್ರ ಬೇಕೆಂದರೆ ಮಾರುತ್ ವಿಮಾನವನ್ನು ನೋಡಬೇಕು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡು, 1961ರ ಜೂನ್ 17ರಂದು ಮೊದಲು ಹಾರಿದ ಎಚ್‌ಎಫ್-24 ಅದು. ಅದರ ಮೈಕಟ್ಟಿಗೆ ತಕ್ಕ ಎಂಜಿನ್ ಕೊನೆಯವರೆಗೂ ದೊರೆಯಲಿಲ್ಲ; ಒಟ್ಟು 147 ವಿಮಾನಗಳು ತಯಾರಾಗಿ, 1971ರ ಯುದ್ಧದಲ್ಲಿ ರಾಜಸ್ಥಾನದ ಮರಳಿನ ಮೇಲೆ ಹಾರಿ, 1990ರಲ್ಲಿ ಸದ್ದಿಲ್ಲದೆ ಮನೆಗೆ ಹೋದವು. ಟ್ಯಾಂಕ್ ತಮ್ಮವರೆಂಬ ನೆನಪಿಗೋ ಏನೋ, ಜರ್ಮನರು ಒಂದು ಮಾರುತ್ ಒಯ್ದು ಮ್ಯೂನಿಕ್ ಸಮೀಪದ ಶ್ಲೈಸ್‌ಹೈಮ್‌ನಲ್ಲಿ ಇಟ್ಟುಕೊಂಡಿದ್ದಾರೆ. ಬೆಂಗಳೂರಿನಲ್ಲಿ ನೋಡಬೇಕೆಂದರೆ ಎಚ್‌ಎಎಲ್ ವಸ್ತುಸಂಗ್ರಹಾಲಯವಿದೆ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವಿದೆ. ಜನ ಹೋಗುತ್ತಾರೆ, ವಿಮಾನದ ಮುಂದೆ ನಿಂತು ತಮ್ಮ ಮುಖದ ಫೋಟೊ ತೆಗೆದುಕೊಂಡು ಬರುತ್ತಾರೆ.

ಅದೇ ಕಸ್ತೂರಬಾ ರಸ್ತೆಯಲ್ಲಿ, ಅದೇ ಸಾಲಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಒಂದು ವೀರಗಲ್ಲಿದೆ. ಮಂಡ್ಯ ಸೀಮೆಯ ಆತಕೂರಿನದು, ಹತ್ತನೆಯ ಶತಮಾನದ್ದು. ಮಣಲೇರನೆಂಬ ವೀರನ ಬಳಿಯಿದ್ದ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿದರು, ನಾಯಿಯ ಹೆಸರು ಬರೆಸಿದರು, ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಪೂಜಾರಿಗೆ ತಟ್ಟಲಿ ಎಂಬ ಶಾಪವನ್ನೂ ಅದೇ ಕಲ್ಲಿನಲ್ಲಿ ಕೊರೆಸಿದರು. ನೋಡಿ, ಸಾವಿರ ವರ್ಷದ ಹಿಂದಿನ ಆಡಳಿತ. ನಿರ್ವಹಣೆಯ ವೆಚ್ಚಕ್ಕೆ ಅನುದಾನವಿದೆ, ಹೊಣೆಗಾರ ಯಾರೆಂಬುದು ನಿಗದಿಯಾಗಿದೆ, ಕರ್ತವ್ಯಲೋಪಕ್ಕೆ ದಂಡವಿದೆ, ಎಲ್ಲಕ್ಕಿಂತ ಮೊದಲು ಸತ್ತದ್ದು ಯಾರು ಎಂಬುದು ಬರೆದಿದೆ. ನಾನು ಕಂಡ ವೃತ್ತದ ಗ್ರಾನೈಟಿನಲ್ಲಿ ಬೆಳಗಿನ ಉಪಾಹಾರದ ಹೊತ್ತಿಗೆ ಬಂದು ರಿಬ್ಬನ್ ಕತ್ತರಿಸಿ ಹೋದ ಅಷ್ಟೂ ಜನರ ಹೆಸರಿದೆ. ಆ ವಿಮಾನವನ್ನು ಹಾರಿಸಿದವರ ಹೆಸರಿಲ್ಲ. ಅದು ಯಾವ ಸ್ಕ್ವಾಡ್ರನ್ನಿನದು, ಯಾವ ನೆಲೆಯಿಂದ ಹಾರುತ್ತಿತ್ತು, ಯುದ್ಧ ಕಂಡಿತ್ತೋ ಇಲ್ಲವೋ, ಅದರಲ್ಲಿ ಕುಳಿತವರು ಮರಳಿ ಮನೆಗೆ ಬಂದರೋ ಇಲ್ಲವೋ, ಏನೂ ಇಲ್ಲ. ಒಂದು ಸಾಲು ಬರೆಸಲು ಎಷ್ಟು ಖರ್ಚಾಗುತ್ತಿತ್ತು? ಕೇಳಿದರೆ ಹೇಳಲು ವಾಯುಪಡೆಯಲ್ಲಿ ದಾಖಲೆಗಳಿವೆ, ದಾಖಲೆ ಓದಿ ಹೇಳಬಲ್ಲ ಮುದುಕರು ಊರೂರಲ್ಲಿ ಇನ್ನೂ ಬದುಕಿದ್ದಾರೆ. ಯಾರೂ ಕೇಳಲಿಲ್ಲ, ಅಷ್ಟೇ. ಇದರಲ್ಲಿ ನಗುವಂಥದ್ದು ಏನಿದೆಯೆಂದು ನನಗೂ ಈಗ ತಿಳಿಯುತ್ತಿಲ್ಲ.

ನಾನು ಹೋದ ದಿನ ಅಲ್ಲಿ ಮತ್ತೊಂದು ಸುತ್ತಿನ ಸಂರಕ್ಷಣೆ ನಡೆದಿತ್ತು. ಏಣಿ ಹಾಕಿಕೊಂಡು ಬಣ್ಣ ಹೊಡೆಯುತ್ತಿದ್ದ ಹುಡುಗ, ಪೈಲಟ್ ಕೂರುವ ಜಾಗದ ಮೇಲಿನ ಗಾಜಿನ ಗುಮ್ಮಟಕ್ಕೂ ಬೆಳ್ಳಿಯನ್ನೇ ಬಳಿದಿದ್ದ. ಗಾಜು ಬಿಟ್ಟು ಬಳಿಯಲು ಟೇಪ್ ಅಂಟಿಸಬೇಕು, ಟೇಪಿಗೆ ಅಂದಾಜು ಪಟ್ಟಿಯಲ್ಲಿ ದುಡ್ಡಿಲ್ಲ ಎಂದ. ನಾನು ಇಷ್ಟು ಹೊತ್ತು ಅಲ್ಲೇ ನಿಂತಿದ್ದುದನ್ನು ಕಂಡು ಕೆಳಗಿಳಿದು ಬಂದು, ಗುಮ್ಮಟದ ಕೆಳಗಿನ ಅಂಚನ್ನು ಬೆರಳು ಮಾಡಿ ತೋರಿಸಿದ. “ಸಾರ್, ಹಳೇ ಬಣ್ಣ ಕೆರೆಯುವಾಗ ಅಲ್ಲೊಂದು ಹೆಸರು ಕಾಣಿಸಿತ್ತು. ಇಂಗ್ಲಿಷಿನಲ್ಲಿತ್ತು, ನನಗೆ ಓದಲು ಬರಲಿಲ್ಲ. ಮೇಸ್ತ್ರಿ ಬಂದು ಓದಿ ಹೇಳಲಿ ಎಂದು ಊಟದ ತನಕ ಆ ಜಾಗವನ್ನು ಹಾಗೇ ಬಿಟ್ಟಿದ್ದೆ. ಅವರು ಬಂದು, ಇದೇಕೆ ಇಲ್ಲಿ ಒಂದು ಗೇಣು ಬಾಕಿ ಉಳಿಸಿದೆ ಎಂದು ಬೈದರು.”