ಹಾವುಗಳು ಎಲ್ಲ ಖಂಡದವು, ವೇದಿಕೆ ಮೇಲಿನವರು ಮಾತ್ರ ಒಂದೇ ಬಣ್ಣದವರು

ಸರೀಸೃಪ ಸಾಕುವವರ ನಡುವೆ ಜನಾಂಗದ ಮಾತು ಎತ್ತಿದರೆ ಸಾಕು, ಉತ್ತರ ರೆಡಿ ಇರುತ್ತದೆ: "ಹಾವಿಗೆ ಬಣ್ಣ ಗೊತ್ತಾ? ಇಲ್ಲೂ ರಾಜಕೀಯ ತರಬೇಕಾ?" ಹೀಗೆ ಹೇಳುವವರಲ್ಲಿ ಬಹಳಷ್ಟು ಜನ ಒಳ್ಳೆಯವರೇ. ಯಾರನ್ನೋ ಹೊರಗಿಡಬೇಕು ಅಂತ ಅವರ ಮನಸ್ಸಲ್ಲಿ ಇರುವುದಿಲ್ಲ. ಆದರೂ ನನಗೆ ಈ ಮಾತು ಒಪ್ಪಿಗೆಯಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಸಮಯ ಇದ್ದಾಗ ಓದಿ.

ಮೊದಲು ನಾವು ಸಾಕುವ ಪ್ರಾಣಿಗಳ ಊರು ಯಾವುದು ನೋಡೋಣ. ಬಾಲ್ ಪೈಥಾನ್ ಅನ್ನುವ ಸಣ್ಣ ಹೆಬ್ಬಾವು ಬಂದಿದ್ದು ಹೆಚ್ಚಾಗಿ ಘಾನಾ, ಟೋಗೋ, ಬೆನಿನ್‌ನಿಂದ. ಲೆಪರ್ಡ್ ಗೆಕ್ಕೊ ಅನ್ನುವ ಹಲ್ಲಿ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆಯ ಒಣ ಕಲ್ಲುಗುಡ್ಡಗಳದ್ದು. ಪ್ಯಾಂಥರ್ ಗೋಸುಂಬೆ ಮಡಗಾಸ್ಕರ್‌ನದು. ಬೋವಾ ಹಾವು ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಹಸಿರು ಮರಹೆಬ್ಬಾವು ನ್ಯೂಗಿನಿಯದು. ಕ್ರೆಸ್ಟೆಡ್ ಗೆಕ್ಕೊ ನ್ಯೂ ಕ್ಯಾಲೆಡೋನಿಯಾ ದ್ವೀಪದ್ದು. ಅದು ಅಳಿದೇ ಹೋಯಿತು ಅಂದುಕೊಂಡಿದ್ದರು, 1994ರಲ್ಲಿ ಮತ್ತೆ ಸಿಕ್ಕಿತು. ಇವತ್ತು ಹೊಸಬರ ಕೈಗೆ ಮೊದಲು ಬರುವ ಹಲ್ಲಿಗಳಲ್ಲಿ ಅದೂ ಒಂದು.

ಈಗ ಅಮೆರಿಕ, ಯುರೋಪಿನ ದೊಡ್ಡ ಎಕ್ಸ್‌ಪೋಗಳ, ಅಂದರೆ ಸರೀಸೃಪಗಳನ್ನು ತೋರಿಸಿ ಮಾರುವ ಮೇಳಗಳ, ವೇದಿಕೆ ನೋಡಿ. ಹೆಸರು ಮಾಡಿದ ಬ್ರೀಡರ್‌ಗಳನ್ನು (ಮರಿ ಮಾಡಿಸಿ ಮಾರುವವರನ್ನು) ನೋಡಿ. ಲಕ್ಷಗಟ್ಟಲೆ ಜನ ನೋಡುವ ಚಾನೆಲ್‌ಗಳನ್ನು ನೋಡಿ. ಬಹುಪಾಲು ಬಿಳಿಯ ಗಂಡಸರೇ. ಹಾಗಂತ ಬೇರೆಯವರು ಸಾಕುವುದಿಲ್ಲ ಅಂತಲ್ಲ. ಜಪಾನಿನಲ್ಲಿ, ಕೊರಿಯಾದಲ್ಲಿ, ಇಂಡೋನೇಷ್ಯಾದಲ್ಲಿ, ಮೆಕ್ಸಿಕೋದಲ್ಲಿ ಅದ್ಭುತವಾಗಿ ಸಾಕುವವರಿದ್ದಾರೆ. ಅಮೆರಿಕದಲ್ಲೇ ಕಪ್ಪು ಜನ, ಲ್ಯಾಟಿನೋ ಜನ, ಏಷ್ಯಾ ಮೂಲದವರು ಎಷ್ಟೋ ವರ್ಷಗಳಿಂದ ಸಾಕುತ್ತಿದ್ದಾರೆ. ಆದರೆ ಈ ಹವ್ಯಾಸದ ಮುಖ ಯಾರು, ಯಾರ ಮಾತಿಗೆ ತೂಕ ಜಾಸ್ತಿ ಅಂತ ಕೇಳಿದರೆ ಇವರ ಹೆಸರು ಬರುವುದೇ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಒಂದು ಎಕ್ಸ್‌ಪೋಗೆ ಘಾನಾದ ಗೆಳೆಯನೊಬ್ಬನ ಜೊತೆ ಹೋಗಿದ್ದೆ. ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಪ್ಲಾಸ್ಟಿಕ್ ಡಬ್ಬಿಗಳು, ಮುಚ್ಚಳದಲ್ಲಿ ಸಣ್ಣ ಸಣ್ಣ ತೂತು. ಒಂದೊಂದರೊಳಗೂ ಸುರುಳಿ ಸುತ್ತಿಕೊಂಡ ಒಂದು ಬಾಲ್ ಪೈಥಾನ್ ಮರಿ. ಬಿಳಿ, ಹಳದಿ, ತೇಪೆ ಹಚ್ಚಿದಂಥ ಪೈಬಾಲ್ಡ್. ಡಬ್ಬಿಯ ಮೇಲೆ ಜೀನ್‌ಗಳ ಹೆಸರು ಬರೆದ ಚೀಟಿ. ನನ್ನ ಗೆಳೆಯ ಅದ್ಯಾವುದನ್ನೂ ನೋಡಲಿಲ್ಲ. ಮೂಲೆಯಲ್ಲಿದ್ದ, ಕಂದು-ಕಪ್ಪು ಮಾಮೂಲಿ ಬಣ್ಣದ ಮರಿಯ ಮೇಲೆ ಬಗ್ಗಿದ. ಆ ಚೀಟಿಯಲ್ಲಿ ಜೀನ್ ಹೆಸರಿರಲಿಲ್ಲ, 'ಘಾನಾ' ಅಂತ ಮಾತ್ರ ಇತ್ತು. ಇದು ಯಾವ ತಿಂಗಳ ಮೊಟ್ಟೆಯದು ಅಂತ ಕೇಳಬೇಕಿತ್ತು ಅವನಿಗೆ. ಬಾಯಿ ತೆರೆಯುವುದರೊಳಗೆ ಮಾರುವವನು, "ಹೆದರಬೇಡಿ, ಇದಕ್ಕೆ ವಿಷ ಇಲ್ಲ, ಮೊದಲ ಸಲ ನೋಡ್ತಿದ್ದೀರಾ?" ಅಂದ. ಅಂದವನೇ ಪಕ್ಕದಲ್ಲಿದ್ದ ಬಿಳಿ ಹುಡುಗನ ಕಡೆ ತಿರುಗಿ ಯಾವ ಹೆಣ್ಣಿಗೆ ಯಾವ ಗಂಡು ಸೇರಿಸಿದರೆ ಏನು ಬರುತ್ತದೆ ಅಂತ ವಿವರಿಸತೊಡಗಿದ. ಆ ಹುಡುಗ ಸುಮ್ನೆ ಬಂದು ನಿಂತಿದ್ದವನು, ಏನೂ ಕೇಳಿರಲಿಲ್ಲ.

ಗೆಳೆಯ ಜಗಳ ಆಡಲಿಲ್ಲ. ಹೊರಗೆ ಬಂದಮೇಲೆ ಅವನ ಸೋದರಮಾವನ ಹೊಲದ ವಿಷಯ ಹೇಳಿದ. ಅಲ್ಲಿ ಈ ಹಾವು ಇಲಿಬಿಲಗಳಲ್ಲಿ, ಹಳೆಯ ಗೆದ್ದಲು ಹುತ್ತಗಳಲ್ಲಿ ಇರುತ್ತದೆ. ಬಿಲದ ಬಾಯಿಯ ಮಣ್ಣು ನೋಡಿಯೇ ಒಳಗೆ ಹಾವಿದೆಯೋ ಇಲ್ಲವೋ ಅವರು ಹೇಳುತ್ತಾರಂತೆ. ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ ಅಗೆದು ತೆಗೆದು ರಫ್ತು ಮಾಡುವವರಿಗೆ ಕೊಡುತ್ತಾರೆ. ಅಲ್ಲಿ ಮೊಟ್ಟೆಯಿಟ್ಟು, ಮರಿಯಾಗಿ, ಮರಿಗಳು ವಿಮಾನ ಹತ್ತುತ್ತವೆ. ಆ ಮೇಜಿನ ಮೇಲಿದ್ದ ಎಲ್ಲ ಮರಿಗಳ ಮುತ್ತಜ್ಜಿಯರೂ ಇಂಥ ಯಾವುದೋ ಬಿಲದಿಂದ ಬಂದವರೇ. ಆ ಬಿಲಗಳನ್ನು ಚಿಕ್ಕಂದಿನಿಂದ ನೋಡಿದವನು ಮುಂದೆ ನಿಂತಿದ್ದಾಗ "ಹೆದರಬೇಡಿ" ಅನ್ನುವ ಬದಲು ಒಂದು ಪ್ರಶ್ನೆ ಕೇಳಿದ್ದರೆ, ಆ ಮಾರುವವನೇ ಏನಾದರೂ ಹೊಸದು ಕಲಿಯುತ್ತಿದ್ದ ಅಲ್ವಾ?

ಇಂಥದ್ದಕ್ಕೆ ಯಾರೂ ದೂರು ಕೊಡುವುದಿಲ್ಲ. ಬೈಗುಳ ಇಲ್ಲ, ತಳ್ಳಾಟ ಇಲ್ಲ. ಆದರೆ ಹೋದಲ್ಲೆಲ್ಲ ಹೀಗೆ ಆದರೆ ಮನುಷ್ಯ ಹೋಗುವುದನ್ನೇ ಬಿಡುತ್ತಾನೆ. ಆಮೇಲೆ ನಾವು "ಅವರಿಗೆ ಇದರಲ್ಲಿ ಆಸಕ್ತಿ ಇಲ್ಲ" ಅಂತ ಷರಾ ಬರೆದುಬಿಡುತ್ತೇವೆ.

ಕಾಡಿಗೆ ಹೋಗಿ ಹಾವು ಹುಡುಕುವವರ ಕಥೆ ಇನ್ನೂ ಗಂಭೀರ. ಈ ಹವ್ಯಾಸದ ಅರ್ಧ ಖುಷಿ ರಾತ್ರಿ ಹೊತ್ತಿನದು. ಊರಾಚೆಯ ರಸ್ತೆಯಲ್ಲಿ ಕಾರನ್ನು ನಿಧಾನಕ್ಕೆ ಬಿಡಬೇಕು. ಬೆಚ್ಚಗಿನ ಡಾಂಬರಿನ ಮೇಲೆ ಹಾವು ಕಂಡರೆ ನಿಲ್ಲಿಸಿ ಇಳಿಯಬೇಕು. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕಬ್ಬಿಣದ ಕೊಕ್ಕೆ, ಹೆಗಲಲ್ಲಿ ಚೀಲ. ಅಮೆರಿಕದ ಹಳ್ಳಿರಸ್ತೆಯಲ್ಲಿ ಒಬ್ಬ ಕಪ್ಪು ಯುವಕ ನಡುರಾತ್ರಿ ಹೀಗೆ ಪೊದೆಯೊಳಗೆ ಬೆಳಕು ಬಿಡುತ್ತಾ ನಿಂತಿದ್ದಾನೆ ಅಂದುಕೊಳ್ಳಿ. ಪೊಲೀಸ್ ಗಾಡಿ ಬಂತು. ಬಿಳಿಯನಾದರೆ "ಏನಾದ್ರೂ ಸಿಕ್ತಾ?" ಅನ್ನುವ ಪ್ರಶ್ನೆ ಬರಬಹುದು. ಇವನು ಮೊದಲು ಕೈ ಎಲ್ಲಿಡಬೇಕು, ಆ ಕೊಕ್ಕೆಯನ್ನು ಹೇಗೆ ಕೆಳಗೆ ಹಾಕಬೇಕು ಅಂತ ಯೋಚಿಸಬೇಕು. ಹಾವಿಗೆ ಬಣ್ಣ ಗೊತ್ತಿಲ್ಲ, ನಿಜ. ರಸ್ತೆಯಲ್ಲಿ ಸಿಗುವವರಿಗೆ ಗೊತ್ತಿದೆ.

2020ರ ಮೇ 25ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹಕ್ಕಿ ನೋಡುತ್ತಿದ್ದ ಕ್ರಿಶ್ಚಿಯನ್ ಕೂಪರ್ ಎಂಬ ಕಪ್ಪು ವ್ಯಕ್ತಿಯ ಮೇಲೆ ಒಬ್ಬ ಬಿಳಿ ಹೆಂಗಸು ಪೊಲೀಸರಿಗೆ ಫೋನ್ ಮಾಡಿದ್ದು ನೆನಪಿರಬಹುದು. ಕೂಪರ್ ಕೇಳಿದ್ದು ನಿಮ್ಮ ನಾಯಿಗೆ ಹಗ್ಗ ಕಟ್ಟಿ ಅಂತ, ಅಷ್ಟೇ. ಅದಾದ ಒಂದೇ ವಾರದೊಳಗೆ ಹಕ್ಕಿ ನೋಡುವ ಕಪ್ಪು ಜನರಿಗಾಗಿ 'ಬ್ಲ್ಯಾಕ್ ಬರ್ಡರ್ಸ್ ವೀಕ್' ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಏರಿನ್ ಮೆಗೀ ಮತ್ತು ಚೆಲ್ಸಿ ಕಾನರ್ ಕೂಡ ಇದ್ದರು. ಇಬ್ಬರೂ ಹಲ್ಲಿಗಳನ್ನು ಅಧ್ಯಯನ ಮಾಡುವವರು! ಮೆಗೀ ಅರಿಜೋನಾದ ಹಲ್ಲಿಗಳ ಮೇಲೆ ಕೆಲಸ ಮಾಡಿದವರು. 'ಹಲ್ಲಿ ಎಲ್ಲಿದೆ ಹುಡುಕಿ' ಅಂತ ಅವರು ಹಾಕುವ ಫೋಟೋ ಆಟ ನಿಮ್ಮಲ್ಲಿ ಕೆಲವರು ಆಡಿರಲೂಬಹುದು. ಕಲ್ಲಿನ ಬಣ್ಣದಲ್ಲೇ ಕರಗಿ ಕೂತ ಹಲ್ಲಿಯನ್ನು ಹುಡುಕುವಷ್ಟರಲ್ಲಿ ಕಣ್ಣು ಸೋಲುತ್ತದೆ. ಸರೀಸೃಪಗಳ ಕಡೆಗೆ ಹೊಸಬರನ್ನು ಸೆಳೆಯಲು ಇಷ್ಟು ಸುಲಭದ, ಇಷ್ಟು ಚಂದದ ಇನ್ನೊಂದು ದಾರಿ ನಾನು ಕಂಡಿಲ್ಲ. ಇಂಥವರನ್ನು ಪ್ರತಿ ಎಕ್ಸ್‌ಪೋದವರೂ ಹುಡುಕಿಕೊಂಡು ಹೋಗಬೇಕಿತ್ತು.

ದುಡ್ಡು, ಮನೆ ವಿಷಯ ಎಲ್ಲರಿಗೂ ಗೊತ್ತಿರುವುದೇ. ಬಾಡಿಗೆ ಮನೆಯವರಿಗೆ ಹಾವು ಸಾಕಲು ಒಪ್ಪಿಗೆ ಸಿಗುವುದು ಕಷ್ಟ, ಸ್ವಂತ ಮನೆ ಯಾರಿಗೆ ಜಾಸ್ತಿ ಇದೆ ಅನ್ನುವುದರಲ್ಲೂ ಹಳೆಯ ಅನ್ಯಾಯದ ಲೆಕ್ಕ ಇದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಮನೆಯೊಳಗಿನ ಮಾತೂ ಒಂದಿದೆ. ಕಪ್ಪು ಕುಟುಂಬಗಳಲ್ಲಿ, ಏಷ್ಯಾದವರ ಕುಟುಂಬಗಳಲ್ಲಿ ಹುಡುಗಿಯೊಬ್ಬಳು ಹಾವು ತಂದರೆ "ಇದು ಬಿಳಿಯರ ಹುಚ್ಚು, ನಮಗ್ಯಾಕೆ?" ಅಂತ ಕೇಳುವವರಿದ್ದಾರೆ. ಹೊರಗಿನವರು ಇದನ್ನು ಹಿಡಿದುಕೊಂಡು "ಅವರ ಸಂಸ್ಕೃತಿಯಲ್ಲೇ ಹಾವೆಂದರೆ ಭಯ" ಅಂತ ತೀರ್ಪು ಕೊಡುತ್ತಾರೆ. ಇದಕ್ಕಿಂತ ದೊಡ್ಡ ಸುಳ್ಳಿಲ್ಲ. ಬೆನಿನ್‌ನ ವೀಡಾ ಪಟ್ಟಣದಲ್ಲಿ ಹೆಬ್ಬಾವುಗಳ ದೇವಾಲಯವಿದೆ. ಅಲ್ಲಿರುವುದು ಇದೇ ಬಾಲ್ ಪೈಥಾನ್. ಅವುಗಳನ್ನು ಆಗಾಗ ರಾತ್ರಿ ಹೊರಗೆ ಬಿಡುತ್ತಾರೆ. ಯಾರ ಮನೆಯೊಳಗಾದರೂ ನುಗ್ಗಿದರೆ ಮನೆಯವರು ಎತ್ತಿಕೊಂಡು ಬಂದು ವಾಪಸ್ ಕೊಡುತ್ತಾರೆ. ನೈಜೀರಿಯಾದ ಇಡೆಮಿಲಿ ಭಾಗದ ಇಗ್ಬೋ ಜನ ಅದನ್ನು 'ಎಕೆ' ಅನ್ನುತ್ತಾರೆ. ಗೊತ್ತಿಲ್ಲದೆ ಒಂದನ್ನು ಕೊಂದರೂ ಮನುಷ್ಯರಿಗೆ ಮಾಡುವಂತೆ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡುವ ಸಂಪ್ರದಾಯ ಅಲ್ಲಿದೆ. ಮಡಗಾಸ್ಕರ್‌ನ ದಕ್ಷಿಣದ ತಂಡ್ರೋಯ್ ಜನಕ್ಕೆ ರೇಡಿಯೇಟೆಡ್ ಆಮೆಯನ್ನು ಮುಟ್ಟುವುದು, ತಿನ್ನುವುದು ನಿಷಿದ್ಧ. ಅವರ ಈ ಕಟ್ಟಳೆ ಎಷ್ಟೋ ಕಾಲ ಆ ಆಮೆಯನ್ನು ಕಾಯಿತು. ಕಿತ್ತುಕೊಂಡು ಹೋಗಿದ್ದು ಹೊರಗಿನ ಮಾಂಸದ ವ್ಯಾಪಾರ ಮತ್ತು ನಮ್ಮಂಥವರ ಸಾಕುವ ಆಸೆ. 2018ರ ಏಪ್ರಿಲ್‌ನಲ್ಲಿ ತುಲಿಯಾರಾ ಊರಿನ ಒಂದೇ ಮನೆಯಲ್ಲಿ ಹತ್ತು ಸಾವಿರದಷ್ಟು ಆಮೆಗಳು ಸಿಕ್ಕವು. ಕಾಲಿಡಲು ಜಾಗವಿಲ್ಲದಂತೆ ನೆಲದ ತುಂಬ ಆಮೆ, ನೀರಿಲ್ಲ, ಮೇವಿಲ್ಲ. ಯಾರ ಸಂಸ್ಕೃತಿಗೆ ಪ್ರಾಣಿಯ ಮೇಲೆ ಮಮತೆ ಇಲ್ಲ ಅಂತ ಕೇಳುವ ಮುಂಚೆ ಆ ಮನೆಯ ಚಿತ್ರ ಒಮ್ಮೆ ನೋಡಬೇಕು.

ಹಾಗಂತ ಸ್ಥಳೀಯರೆಲ್ಲ ದೇವರಂಥವರು ಅಂತ ನಾನು ಹೇಳುತ್ತಿಲ್ಲ. ಇಂಡೋನೇಷ್ಯಾದ ಫಾರ್ಮ್‌ಗಳಿಂದ 'ಸಾಕಣೆಯದು' ಅಂತ ಬಂದ ಹಸಿರು ಮರಹೆಬ್ಬಾವುಗಳಲ್ಲಿ ಕನಿಷ್ಠ 80 ಶೇಕಡಾ ಕಾಡಿನಿಂದ ಹಿಡಿದವು ಅಂತ 2011ರ ಒಂದು ಅಧ್ಯಯನ ತೋರಿಸಿತು. ಹಿಡಿದವರು ಅಲ್ಲಿನವರೇ, ಮಾರಿದವರೂ ಅಲ್ಲಿನವರೇ. ಆದರೆ ಕೊಂಡವರು ಯಾರು? ಬೈಗುಳ ಎಲ್ಲ ಹಿಡಿದವನಿಗೆ, ಹೊಗಳಿಕೆ ಎಲ್ಲ ಅದೇ ಹಾವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಫೋಟೋ ಹಾಕಿದವನಿಗೆ. ಈ ಹಂಚಿಕೆ ನ್ಯಾಯವಲ್ಲ.

ಬೇರೆ ಬೇರೆ ಜನ ಬಂದರೆ ನಮಗೇನು ಲಾಭ ಅಂತ ಕೇಳುವವರಿಗೂ ಹೇಳಬೇಕು. ಬಾಲ್ ಪೈಥಾನ್ ಬಿಲದ ಹಾವು, ಮರ ಹತ್ತುವುದಿಲ್ಲ, ಒಂದು ಪ್ಲಾಸ್ಟಿಕ್ ಟಬ್ ಸಾಕು ಅಂತ ಈ ಹವ್ಯಾಸ ವರ್ಷಾನುಗಟ್ಟಲೆ ನಂಬಿತು. ಆ ನಂಬಿಕೆಯ ಮೇಲೆಯೇ ರ‍್ಯಾಕ್‌ಗಟ್ಟಲೆ ಟಬ್ ಜೋಡಿಸಿದೆವು. ಆಗ್ನೇಯ ನೈಜೀರಿಯಾದ ಕಾಡಿನ ಬಾಲ್ ಪೈಥಾನ್‌ಗಳ ಬಗ್ಗೆ ಲುಯಿಸೆಲ್ಲಿ ಮತ್ತು ಆಂಜೆಲಿಚಿ ಅನ್ನುವ ವಿಜ್ಞಾನಿಗಳು 1998ರಲ್ಲಿ ಬರೆದರು: ಅಲ್ಲಿನ ಗಂಡು ಹಾವುಗಳು ಸಾಕಷ್ಟು ಮರ ಹತ್ತುತ್ತವೆ, ಹೆಚ್ಚು ತಿನ್ನುವುದು ಹಕ್ಕಿಗಳನ್ನು. ಅದೇ ಲುಯಿಸೆಲ್ಲಿ ನೈಜೀರಿಯಾದ ವಿಜ್ಞಾನಿ ಗಾಡ್‌ಫ್ರೀ ಅಕಾನಿ ಜೊತೆ ಆ ಭಾಗದ ಹಾವುಗಳ ಮೇಲೆ ಎಷ್ಟೋ ವರ್ಷ ಕೆಲಸ ಮಾಡಿದ್ದಾರೆ. ಬಾಲ್ ಪೈಥಾನ್ ಸಾಕುವ ಎಷ್ಟು ಜನ ಅಕಾನಿ ಹೆಸರು ಕೇಳಿದ್ದೀರಿ? ಟಬ್ ಮಾರುವವರ ಹೆಸರಂತೂ ಎಲ್ಲರ ಬಾಯಲ್ಲಿದೆ. ಆ ಹಾವಿಗೆ ಒಂದು ದಪ್ಪ ಕೊಂಬೆ ಸಿಗಲು ಇಷ್ಟು ತಡವಾಗಿದ್ದಕ್ಕೆ, ನಾವು ಯಾರ ಮಾತು ಕೇಳಿಸಿಕೊಂಡೆವು ಅನ್ನುವುದೂ ಒಂದು ಕಾರಣ ಅಂತ ನಾನು ನಂಬುತ್ತೇನೆ.

ನನಗೆ ತುಂಬ ಇಷ್ಟವಾದ ಉದಾಹರಣೆ ಇರುಳರದು. ತಮಿಳುನಾಡಿನ ಇರುಳ ಸಮುದಾಯದವರು 1978ರಲ್ಲಿ ಹಾವು ಹಿಡಿಯುವವರ ಸಹಕಾರ ಸಂಘ ಕಟ್ಟಿಕೊಂಡರು. ವಿಷ ತೆಗೆದು, ಹಾವನ್ನು ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷದಿಂದ ತಯಾರಾದ ಔಷಧಿ ಲೆಕ್ಕವಿಲ್ಲದಷ್ಟು ಜನರ ಜೀವ ಉಳಿಸಿದೆ. ಅತ್ತ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬರ್ಮಾ ಹೆಬ್ಬಾವು ತುಂಬಿಕೊಂಡಿತ್ತು. ಅದು ಅಲ್ಲಿಗೆ ಹೋಗಿದ್ದೇ ಸಾಕುಪ್ರಾಣಿ ವ್ಯಾಪಾರದಿಂದ. 2017ರಲ್ಲಿ ಇರುಳರಾದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರನ್ನು ಫ್ಲಾರಿಡಾ ವಿಶ್ವವಿದ್ಯಾಲಯ ಕರೆಸಿಕೊಂಡಿತು. ಅಲ್ಲಿನವರು ರಸ್ತೆ, ಏರಿಗಳ ಮೇಲೆ ಗಾಡಿಯಲ್ಲಿ ಹೋಗುತ್ತಾ ಹುಡುಕುತ್ತಿದ್ದರು. ಇವರಿಬ್ಬರು ನೇರ ದಟ್ಟ ಪೊದೆಯೊಳಗೆ ನಡೆದರು. ಹಾವು ಹೋದ ಜಾಡು, ಅದರ ಹಿಕ್ಕೆ ನೋಡುತ್ತಾ ಹೋದರು. ಎರಡು ವಾರದೊಳಗೆ 13 ಹೆಬ್ಬಾವು! ಪಾಳುಬಿದ್ದ ಹಳೆಯ ಕ್ಷಿಪಣಿ ನೆಲೆಯೊಂದರಿಂದ 16 ಅಡಿಯ ಹೆಣ್ಣನ್ನೂ ಹೊರತೆಗೆದರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು.

ಆ ಹೆಬ್ಬಾವುಗಳನ್ನು ತಂದು ಸಾಕಿ, ಬಿಟ್ಟು, ಕಳೆದುಕೊಂಡಿದ್ದು ಈ ಹವ್ಯಾಸ. ಹುಡುಕಿಕೊಡಲು ಬೇಕಾಗಿದ್ದು, ಈ ಹವ್ಯಾಸ ಎಂದೂ ತನ್ನವರು ಅಂತ ಎಣಿಸದ ಜನ. ಎಕ್ಸ್‌ಪೋ ನಡೆಸುವವರು ಇಂಥವರಿಗೆ ಒಂದು ಗಂಟೆ ಕೊಟ್ಟು, ದುಭಾಷಿ ಇಟ್ಟು, ಮಾತಾಡಿಸಿದರೆ ಜನ ನಿಂತುಕೊಂಡೇ ಕೇಳುತ್ತಾರೆ. ಗುಂಪುಗಳ ಅಡ್ಮಿನ್‌ಗಳು ಜನಾಂಗದ ಬಗ್ಗೆ ಹೊಲಸು ಜೋಕ್ ಬಂದಾಗ "ತಮಾಷೆಗೆ ಹೇಳಿದ್ದು ಬಿಡಿ" ಅನ್ನದೆ ಅಳಿಸಿಹಾಕಬೇಕು. ಸುಮ್ಮನೆ ನೋಡುತ್ತಿರುವ ಹೊಸಬರು ಅದನ್ನು ಓದಿ ಎದ್ದು ಹೋಗುತ್ತಾರೆ, ನಮಗೆ ಗೊತ್ತೂ ಆಗುವುದಿಲ್ಲ. ಮಾರುವವರು ಪ್ರಾಣಿ ಯಾವ ದೇಶದ್ದು, ಹಿಡಿದದ್ದೋ ಸಾಕಣೆಯದೋ ಅಂತ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಮೇಜಿನ ಮುಂದೆ ಬಂದವರು ಯಾರೇ ಆಗಲಿ, ಅವರಿಗೆ ಏನು ಗೊತ್ತು ಅಂತ ಮೊದಲು ಕೇಳಬೇಕು.

ಸಾಕುವ ಕ್ರಮದ ಒಳ್ಳೆಯ ಬರಹಗಳು ಹೆಚ್ಚಿನವು ಇಂಗ್ಲಿಷ್, ಜರ್ಮನ್‌ನಲ್ಲಿವೆ. ಆ ಪ್ರಾಣಿಗಳ ಊರಿನವರು ಮಾತಾಡುವ ಭಾಷೆಗಳಲ್ಲಿ ಬಹಳ ಕಡಿಮೆ. ಘಾನಾದ ಆ ಗೆಳೆಯ ಮತ್ತು ನಾನು ಬಾಲ್ ಪೈಥಾನ್ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇವೆ. ಬಿಲದೊಳಗಿನ ತೇವ, ಸೆಕೆ, ಮಳೆಗಾಲದಲ್ಲಿ ಹಾವು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಅಲ್ಲಿನ ರೈತರನ್ನೇ ಕೇಳಿ ಅವನು ಬರೆದುಕೊಳ್ಳುತ್ತಿದ್ದಾನೆ. ಟೋಗೋ, ಬೆನಿನ್ ಕಡೆಯವರಿಗೆ ಫ್ರೆಂಚ್‌ನಲ್ಲೂ ಬೇಕು. ನಿಮ್ಮಲ್ಲಿ ಫ್ರೆಂಚ್ ಚೆನ್ನಾಗಿ ಬಲ್ಲವರು, ಅಥವಾ ಆ ಕಡೆ ಕೆಲಸ ಮಾಡುವ ಪಶುವೈದ್ಯರ ಪರಿಚಯ ಇರುವವರು ಇದ್ದರೆ ದಯವಿಟ್ಟು ಇನ್‌ಬಾಕ್ಸ್‌ಗೆ ಬನ್ನಿ. ಪೊರೆ ಬಿಡುವ ಭಾಗ ಮತ್ತು ಉಸಿರಾಟದ ಕಾಯಿಲೆಯ ಭಾಗ ಇನ್ನೂ ಬರೆದಾಗಿಲ್ಲ.