ನಗ್ರಿ ನಗ್ರಿ, ಕುನ್ನಿಗಿ ಕೊರೋನಾ ಬಂದದ

ಇನ್ನಾ ಕೈ ನಡಗ್ಲತ್ತಾವ, ತಪ್ಪಾದ್ರ ಹೊಟ್ಯಾಗ ಹಾಕೋರಿ. ಇವತ್ತು ಮುಂಜಾನಿ ನಮ್ ಮರಿ ಕುನ್ನಿ ಗುಂಡ್ಯಾನ ಕರ್ಕೊಂಡು ಪ್ರಾಣಿಗಳ ದವಾಖಾನಿಗಿ ಹೋಗಿದ್ದೆ. ಅಲ್ಲಿ ಹಳದಿ ಟೀಶರ್ಟ್‌ನವನಿಗಿ ನಾ ಏನ್ ಅಂದಿದ್ದೆ? "ಅಣ್ಣಾರ, ನಿಮ್ ಕುನ್ನಿ ವಾಂತಿ ಮಾಡ್ಲತ್ತದ, ಸ್ವಲ್ಪ ಹೊರಗ ನಿಂದ್ರಿ" ಅಂದೆ. ಅಷ್ಟೇ. ಕೈ ಮುಗ್ದು ಅಂದೀನಿ.

ಅವ ನಕ್ಕ. ಒಬ್ಬನೇ ನಕ್ಕಿದ್ರ ಬಿಡ್ತಿದ್ದೆ. ಬೆಂಚ್ ಮ್ಯಾಲ ಕುಂತವ್ರ ಕಡಿ ತಿರುಗಿ "ಅಕ್ಕಾರ, ಕುನ್ನಿಗಿ ಕೊರೋನಾ ಏನ್ರಿ? ಮಾಸ್ಕ್ ಹಾಕ್ಲೇನು?" ಅಂತ ಕಿಸೆದಾಗಿನ ಕರ್ಚೀಫ್ ತೆಗ್ದು ಅದರ ಮಾರಿಗಿ ಹಿಡ್ದ, ಬೆಕ್ಕು ತಂದಾಕಿ ನಕ್ಳು, ಚೀಟಿ ಬರಿಯೋ ಹುಡ್ಗ ಪೆನ್ ಬಾಯಾಗಿಟ್ಕೊಂಡೇ ನಕ್ಕ. ಆ ಕುನ್ನಿ ಪಾಪ, ಕರ್ಚೀಫ್‌ದಾಗೇ ಮತ್ತೊಮ್ಮಿ ಬೆಳ್ಳನ್ ಬುರುಗು ಕಾರ್ತು, ನೆಲಕ್ಕೂ ಬಿತ್ತು. ಕಾಂಪೌಂಡರ್ ಬಂದು ಒಣ ಅರಬಿಲಿಂದ ಒರ್ಸ್ದ. ಅದೇ ಅರಬಿಲಿಂದ ಟೇಬಲ್ಲೂ ಒರ್ಸ್ದ!

ಶಾಣೇಕಿ ನಾನು, ಪರ್ಸ್‌ದಾಗಿನ ಸ್ಯಾನಿಟೈಜರ್ ತೆಗ್ದು ಬೆಂಚಿಗಿ, ನೆಲಕ್ಕ, ನನ್ ಸೀರಿಗಿ ಚುರ್ ಚುರ್ ಅಂತ ಹೊಡ್ಕೊಂಡೆ. ಕಾಂಪೌಂಡರ್ ಅಂತಾನ, "ಅಕ್ಕಾರ, ಪಾರ್ವೊ ಅದಕ್ಕ ಸಾಯಲ್ರಿ, ಬ್ಲೀಚ್ ಬೇಕು." ಪಾರ್ವೊ ಅಂದ್ರ ಕುನ್ನಿಗೋಳಿಗಿ ವಾಂತಿ, ರಕ್ತದ ಭೇದಿ ಹಚ್ಚೋ ವೈರಸ್. ಮತ್ತೊಮ್ಮಿ ನಗಿ. ಗೊತ್ತಿದ್ದವ ಒಣ ಅರಬಿ ಯಾಕ್ ಹಿಡ್ದಿ ಮಾರಾಯ?

ಈ ದೇಶದಾಗ ಕೊರೋನಾಕ್ಕ ಮೊದಲ್ನೇ ಸಾವು ಆಗಿದ್ದು ನಮ್ ಕಲಬುರಗ್ಯಾಗ, 2020 ಮಾರ್ಚ್‌ದಾಗ. ಆಗ ನಮ್ಮೂರ್ ಹೆಸ್ರು ಕೇಳಿದ್ರೇ ಮಂದಿ ಸರಿತಿದ್ರು. ಅಂಥ ಊರಾಗ ದೂರ ನಿಂದ್ರಿ ಅಂದ್ರ ಜೋಕ್ ಏನ್ರಿ?

ಗುಂಡ್ಯಾನಿಗಿ ಎರಡೂವರಿ ತಿಂಗ್ಳು, ಇವತ್ತು ಪಾರ್ವೊ ತಡಿಯೋ ಎರಡ್ನೇ ಸೂಜಿ. 16 ವಾರ ಆಗೋ ತನಕ ಸೂಜಿ ಬಿಡೋಹಂಗಿಲ್ಲ, ಅಲ್ಲಿ ತನಕ ಭರೋಸಾನೂ ಇಲ್ಲ. ಸೂಜಿ ಹಾಕ್ಸ್ಲಾಕ ಹೋಗಿ ಬ್ಯಾನಿ ಹಚ್ಕೊಂಡ್ ಬರೋದಂದ್ರ! ವಾಂತಿ ಭೇದಿ ಇದ್ದವ್ಕ ಹೊರಗೇ ಕೂಡ್ಸ್ರಿ, ಮೊದ್ಲು ಫೋನ್ ಮಾಡಿ ಬರ್ರಿ ಅಂತ ಒಂದ್ ಬೋರ್ಡ್ ಹಾಕ್ರಿ. ಇದಕ್ಕೆಷ್ಟ್ ರೊಕ್ಕ ಹತ್ತದ? ಯಾರರೆ ಹೇಳ್ರಿ. ಯಾರರೆ!

ಹೋಗ್ಲಿ ಬಿಡ್ರಿ. ಅವನೂ ಕುನ್ನಿ ಸಾಯ್ಲತ್ತದಂತ ಓಡಿ ಬಂದಾನ, ಇನ್ನೆಲ್ಲಿಗಿ ಹೋಗ್ಬೇಕು. ಇಲ್ಲ, ಬಿಡಲ್ಲ. ಆ ಕರ್ಚೀಫ್ ತಿರಗಿ ಕಿಸೆದಾಗ ಇಟ್ಕೊಂಡ, ನಾ ನೋಡೀನಿ.

ಖರೆ ಅಂದ್ರ ನಾ ಯಾವ ಬಾಯಿಲಿಂದ ಮಾತಾಡ್ಲಿ. ನಮ್ ಮೊದಲಿನ ಕುನ್ನಿ ರಾಣಿ ಸತ್ತು ಎಂಟು ತಿಂಗ್ಳೂ ಆಗಿಲ್ಲ. ಆಕಿ ರಕ್ತದ ಭೇದಿ ಮಾಡ್ಕೊಂಡಿದ್ದು ಅಂಗಳದ ಬೇವಿನ ಗಿಡದ ಬುಡಕ್ಕೇ. ನಮ್ ಬಿಸಲಿಗಿ ಎಲ್ಲಾ ಸುಟ್ಟ್ ಹೋಗ್ತದ ಅಂತ ನಮ್ ಮನ್ಯಾಗಿನವ್ರು ಅಂದ್ರು, ನಾನೂ ಹೂಂ ಅಂದೆ. ನೆಳ್ಳಿನ ಮಣ್ಣಾಗ ಆ ಪಾರ್ವೊ ವರ್ಷಗಟ್ಲೆ ಇರ್ತದಂತ ಇವತ್ತು ಡಾಕ್ಟರ್ ಅಂದಾಗ ನೆಲ ನೋಡ್ಕೋತ ನಿಂತೆ. ಹಳದಿ ಟೀಶರ್ಟ್‌ನವ ಕೇಳ್ಸ್ಕೊಂಡ್ನೇನೋ.

ಮನಿಗಿ ಬಂದು ಸೀರಿ ಬದ್ಲಿ ಮಾಡ್ದೆ, ಸಾಬೂನು ಹಚ್ಚಿ ನೆಲ ತೊಳ್ದೆ, ಒಂದ್ ಪಾಲು ಬ್ಲೀಚ್‌ಗೆ 30 ಪಾಲು ನೀರು ಹಾಕಿ ಹತ್ತ್ ನಿಮಿಷ ಬಿಟ್ಟು ಒರ್ಸ್ದೆ. ಬರೋದಿದ್ರ ಮೂರರಿಂದ ಏಳು ದಿನದಾಗ ಗೊತ್ತಾಗ್ತದಂತ. ಈ ವಾರ ಪೂರ್ತಿ ಅವನ ಹೇಲು ನೋಡ್ಕೋತ ಕೂಡೋದೇ ನನ್ ನೌಕ್ರಿ.

ಪಡಸಾಲ್ಯಾಗ ಪಟಪಟ ಸಪ್ಪಳ ಕೇಳಿ ಈಗ ಎದ್ದು ನೋಡ್ದೆ. ಗುಂಡ್ಯಾ ನನ್ ಚಪ್ಲಿ ಬಾಯಾಗ ಹಿಡ್ದು ಜಾಡಸ್ಲತ್ತಾನ. ಮುಂಜಾನಿ ದವಾಖಾನಿಗಿ ಹಾಕ್ಕೊಂಡ್ ಹೋದ ಚಪ್ಲಿ.