ಅರ್ಜಿ ಹಾಕಂಗಿಲ್ಲ, ಅವರೇ ಕರೀತಾರೆ

ನಮ್ಮಲ್ಲಿ ಗ್ರಾಮ ಆಡಳಿತಾಧಿಕಾರಿ ಆಗ್ಬೇಕಂದ್ರೂ ಜಾತಿ ಸರ್ಟಿಫಿಕೇಟು, ಕಡ್ಡಾಯ ಕನ್ನಡ ಪರೀಕ್ಷೆ, ಕೀ ಆನ್ಸರು, ಆಬ್ಜೆಕ್ಷನ್ನು ಅಂತ ಚಪ್ಪಲಿ ಸವೀಬೇಕು. ಸಿವಿಲ್ ಜಡ್ಜ್ ಪೋಸ್ಟಿಗೂ ಪ್ರಿಲಿಮ್ಸು, ಮೇನ್ಸು, ವೈವಾ, ಮೀಸಲಾತಿ ರೋಸ್ಟರು ಎಲ್ಲ ಇದೆ, ಸಾಲದ್ದಕ್ಕೆ ಮೊದಲು ಮೂರು ವರ್ಷ ಪ್ರಾಕ್ಟೀಸ್ ಮಾಡ್ಕೊಂಡು ಬನ್ನಿ ಅಂತ 2025ರ ಮೇನಲ್ಲಿ ಸುಪ್ರೀಂ ಕೋರ್ಟೇ ಹೇಳ್ತು. ಸರಿ, ಕೇಳ್ಲಿ ಬಿಡಿ. ಆದ್ರೆ ಆ ಸಿವಿಲ್ ಜಡ್ಜ್ ಬರೆದ ತೀರ್ಪನ್ನ ತಿರುಗಿಸಿ ಹಾಕೋ ಅಷ್ಟು ದೊಡ್ಡ ಕುರ್ಚಿಗೆ, ಅಂದ್ರೆ ಹೈಕೋರ್ಟ್, ಸುಪ್ರೀಂ ಕೋರ್ಟ್ ಜಡ್ಜ್ ಆಗೋಕೆ? ಪರೀಕ್ಷೆ ಇಲ್ಲ, ನೋಟಿಫಿಕೇಶನ್ ಇಲ್ಲ, ಮೀಸಲಾತಿ ಮಾತಂತೂ ಎತ್ಲೇಬೇಡಿ.

ಅದಕ್ಕೆ ಕೊಲಿಜಿಯಂ ಇದೆ. ಸಿಜೆಐ, ಅಂದ್ರೆ ದೇಶದ ಮುಖ್ಯ ನ್ಯಾಯಮೂರ್ತಿ, ಪ್ಲಸ್ ಸುಪ್ರೀಂ ಕೋರ್ಟಿನ ನಾಲ್ಕು ಸೀನಿಯರ್ ಜಡ್ಜುಗಳು (ಹೈಕೋರ್ಟ್ ನೇಮಕಕ್ಕಾದ್ರೆ ಇಬ್ಬರು). ಸಂವಿಧಾನದಲ್ಲಿ ಹುಡುಕಬೇಡಿ ಸಿಗಲ್ಲ, ಕೊನೆ ಮಾತು ನಮ್ದೇ ಅಂತ 1993ರಲ್ಲಿ ಅವರೇ ತೀರ್ಪು ಬರ್ಕೊಂಡ್ರು. 2014ರಲ್ಲಿ ಪಾರ್ಲಿಮೆಂಟು ಕೊಲಿಜಿಯಂ ಬದಲಿಗೆ ಎನ್‌ಜೆಎಸಿ ಅಂತ ಒಂದು ಆಯೋಗ ಮಾಡ್ತು, ಜಡ್ಜುಗಳನ್ನ ಯಾರು ಆರಿಸ್ಬೇಕು ಅನ್ನೋ ಆ ಕೇಸನ್ನ ಜಡ್ಜುಗಳೇ ಕೇಳಿ 2015ರಲ್ಲಿ 4-1ರಿಂದ ಜಡ್ಜುಗಳೇ ಗೆದ್ರು. ಆಯೋಗದ ಪರ ಬಿದ್ದ ಆ ಒಂದು ವೋಟು ಜಸ್ಟಿಸ್ ಚೆಲಮೇಶ್ವರ್ ಅವರದ್ದು.

ಹಂಗಂತ ಸರ್ಕಾರ ಪಾಪ ಅಂದ್ಕೋಬೇಡಿ, ಅದರ ಕೈಲಿ ಇದಕ್ಕಿಂತ ಪವರ್‌ಫುಲ್ ಐಟಂ ಇದೆ, ಕೊಲಿಜಿಯಂ ಕಳಿಸಿದ ಫೈಲ್ ಮೇಲೆ ಕೂತ್ಕೊಳ್ಳೋದು. ಮದ್ರಾಸ್ ಹೈಕೋರ್ಟಿಗೆ ಜಾನ್ ಸತ್ಯನ್ ಅನ್ನೋ ಲಾಯರ್ ಹೆಸರು ಹೋಯ್ತು. ಪ್ರಧಾನಿಯನ್ನ ಟೀಕಿಸಿದ ಒಂದು ಲೇಖನ ಶೇರ್ ಮಾಡಿದಾರೆ ಅಂತ ಕೇಂದ್ರದ ಗುಪ್ತಚರ ಸಂಸ್ಥೆ ಐಬಿಯ ರಿಪೋರ್ಟು ಬಂತು. ಬರೆದಿದ್ದಲ್ಲ ಸ್ವಾಮಿ, ಶೇರ್ ಮಾಡಿದ್ದು! ಅದರಿಂದ ಏನೂ ತೊಂದ್ರೆ ಇಲ್ಲ ಅಂತ ಕೊಲಿಜಿಯಂ 2023ರ ಜನವರಿಲಿ ಎರಡನೇ ಸಲ ಹೆಸರು ಕಳಿಸ್ತು, ಫೈಲು ಅಲ್ಲಾಡ್ಲಿಲ್ಲ. ಅದೇ ಹೈಕೋರ್ಟಿಗೆ ಅದೇ ಟೈಮಲ್ಲಿ ಬಿಜೆಪಿ ಮಹಿಳಾ ಮೋರ್ಚಾದಲ್ಲಿದ್ದ ವಿಕ್ಟೋರಿಯಾ ಗೌರಿ ಹೆಸರು ಹೋಯ್ತು ನೋಡಿ, ಫೈಲಿಗೆ ರೆಕ್ಕೆ ಬಂದ್ಬಿಡ್ತು. ಫೆಬ್ರವರಿ 7ಕ್ಕೆ ಅತ್ಲಾಗೆ ದೆಹಲಿಲಿ ಅವರ ನೇಮಕದ ವಿರುದ್ಧ ಅರ್ಜಿ ವಿಚಾರಣೆ ನಡೀತಿರುವಾಗ್ಲೇ ಇತ್ಲಾಗೆ ಚೆನ್ನೈಲಿ ಪ್ರಮಾಣವಚನ ಮುಗಿದೇಹೋಗಿತ್ತು. ಲೇಖನ ಶೇರ್ ಮಾಡಿದ್ರೆ ಪಕ್ಷಪಾತ, ಪಕ್ಷದಲ್ಲೇ ಇದ್ರೆ ಅನುಭವ.

ಇನ್ನು ವೈವಿಧ್ಯತೆ. ಮೇಲಿನವರು ಭಾಷಣದಲ್ಲಿ ತುಂಬಾ ಚೆನ್ನಾಗಿ ಹೇಳ್ತಾರೆ, ಲೆಕ್ಕ ಕೇಳಿದ್ರೆ ಮಾತ್ರ ಕಷ್ಟ. 2018ರಿಂದ ಹೈಕೋರ್ಟುಗಳಿಗೆ ನೇಮಕ ಆದ 715 ಜನರಲ್ಲಿ ಎಸ್‌ಸಿ 22, ಎಸ್‌ಟಿ 16, ಒಬಿಸಿ 89, ಅಲ್ಪಸಂಖ್ಯಾತರು 37 ಅಂತ 2025ರಲ್ಲಿ ಸರ್ಕಾರವೇ ಪಾರ್ಲಿಮೆಂಟಲ್ಲಿ ಹೇಳಿದ್ದು. ಕೇಳಿದ್ರೆ ಮೆರಿಟ್ ಅಂತಾರೆ. ಮೆರಿಟ್ಟಿಗೆ ಪರೀಕ್ಷೆನೇ ಇಲ್ವಲ್ಲಾ ಅಂದ್ರೆ, ಅದು ನಮಗೆ ನೋಡಿದ ತಕ್ಷಣ ಗೊತ್ತಾಗುತ್ತೆ ಅಂತಾರೇನೋ. ಪರೀಕ್ಷೆ ಇರೋ ಕೆಳಗಿನ ಕೋರ್ಟುಗಳಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೆಣ್ಮಕ್ಕಳಿದಾರೆ, ಬೇಲಾ ತ್ರಿವೇದಿ ರಿಟೈರ್ ಆದ್ಮೇಲೆ ಸುಪ್ರೀಂ ಕೋರ್ಟಲ್ಲಿ ಉಳಿದಿದ್ದು ಒಬ್ಬರೇ, ನಮ್ಮ ಬಿ.ವಿ. ನಾಗರತ್ನ. ಅವರ ತಂದೆ ಇ.ಎಸ್. ವೆಂಕಟರಾಮಯ್ಯನವರೂ ಸಿಜೆಐ ಆಗಿದ್ದವರು ಅನ್ನೋದನ್ನೂ ಹೇಳ್ಬಿಡೋಣ, ಯಾಕೆ ಮುಚ್ಚಿಡೋದು.

2025ರ ಆಗಸ್ಟಲ್ಲಿ ಕೊಲಿಜಿಯಂ ಸುಪ್ರೀಂ ಕೋರ್ಟಿಗೆ ಇಬ್ಬರ ಹೆಸರು ಶಿಫಾರಸು ಮಾಡ್ತು, ಅದರಲ್ಲಿ ಒಬ್ಬರಿಗೆ ಕೊಲಿಜಿಯಂನಲ್ಲೇ ಇದ್ದ ಈ ನಾಗರತ್ನ ಮೇಡಂ ಒಪ್ಪದೆ ಭಿನ್ನಮತ ಬರೆದ್ರು ಅಂತ ಪೇಪರಲ್ಲೆಲ್ಲ ಬಂತು. ಕಾರಣ ಸಮೇತ ಎಲ್ಲ ವೆಬ್‌ಸೈಟಲ್ಲಿ ಹಾಕ್ತೀವಿ ಅಂತ 2017ರಲ್ಲಿ ಕೊಲಿಜಿಯಂನವರೇ ಮಾತು ಕೊಟ್ಟಿದ್ರಲ್ಲ, ಹೋಗಿ ನೋಡಿದ್ರೆ ಇಂಥ ದಿನ ಮೀಟಿಂಗ್ ಆಯ್ತು, ಹೆಸರು ಇವು, ನಮಸ್ಕಾರ.

ಸೀನಿಯಾರಿಟಿ ಲೆಕ್ಕದಲ್ಲಿ ಈ ನಾಗರತ್ನ ಅವರೇ 2027ರ ಸೆಪ್ಟೆಂಬರಲ್ಲಿ ದೇಶದ ಮೊದಲ ಮಹಿಳಾ ಸಿಜೆಐ ಆಗ್ಬೇಕು. 1950ರಲ್ಲಿ ಶುರುವಾದ ಕೋರ್ಟಲ್ಲಿ ಹೆಣ್ಮಕ್ಕಳ ಪಾಲಿಗೆ ಬರೋದು ಆಗ ಒಟ್ಟು 36 ದಿನ, ಅದರಲ್ಲೂ ಮಧ್ಯದಲ್ಲಿ ದಸರಾ ರಜೆ.